ಸೋಶಿಯಲ್ ಸಾರ್ ಮಾಡಿದ ಕೊನೆಯ ಪಂಚಾಯ್ತಿ

ಈ ನೆನಪಿನ ಸಂಚಿಕೆಯ ಸಂಪಾದಕ ನನ್ನ ಜೊತೆ ಓದಿದವನು. ಈಗ ಅವನೂ ಮೇಷ್ಟ್ರು. ಸಿಕ್ಕವರಿಗೆಲ್ಲ ಹೋಂವರ್ಕ್ ಕೊಡುವ ಚಟ. ಕಳೆದ ತಿಂಗಳು ಫೋನು ಮಾಡಿದ.

“ಲೇ, ಸೋಶಿಯಲ್ ಸಾರ್ ಬಗ್ಗೆ ನೀನೂ ನಾಕು ಪುಟ ಬರ್ಕೊಡು. ಎಲ್ಲಾರೂ ಅಳಸಾದನ್ನ ಬರದಾರ. ನೀ ಒಂದೀಟು ನಗಸು.”

“ಸಾರ್ ದನಿ ಕಾಗದದಾಗ ಹೆಂಗಲೇ ತೆಗೀಲಿ?”

“ಎಮ್ಮಿ ದನಿ ತೆಗದಾಂವ ನೀನು. ತೆಗೀತಿ ಬಿಡು.”

ಎಮ್ಮೆಯ ವಿಷಯ ನಿಜ. ರಾಯದುರ್ಗದ ಸುತ್ತ ಹತ್ತೂರಿನಲ್ಲಿ ನಾಮಕರಣ ಇರಲಿ, ಶಾಲೆಯ ವಾರ್ಷಿಕೋತ್ಸವ ಇರಲಿ, ನನ್ನನ್ನು ಕರೆದು ಕೈಗೆ ಮೈಕು ಕೊಡುತ್ತಾರೆ. ಮಂಡಲ ಆಫೀಸಿನ ಗುಮಾಸ್ತರು ಫೈಲು ಸಿಗುತ್ತಿಲ್ಲ ಎನ್ನುವ ದನಿ, ಬಳ್ಳಾರಿ ಬಸ್ಸಿನ ಕಂಡಕ್ಟರು ಚಿಲ್ಲರೆ ಕೇಳುವ ದನಿ, ಕುರಿ ಕಳೆದುಕೊಂಡು ಮನೆಗೆ ಬಂದ ನನ್ನನ್ನು ನಮ್ಮಪ್ಪ ಬೈಯುವ ದನಿ, ಎಲ್ಲ ನನ್ನ ಚೀಲದಲ್ಲಿವೆ. ಉಳಿದ ದಿನಗಳಲ್ಲಿ ರಾಯದುರ್ಗದಲ್ಲಿ ಮಿಷನ್ ಮುಂದೆ ಕೂತು ಜೀನ್ಸ್ ಪ್ಯಾಂಟಿನ ಹಿಂದಿನ ಜೇಬು ಹೊಲಿಯುತ್ತೇನೆ. ಅಂದರೆ ನಿಮ್ಮಲ್ಲಿ ಎಷ್ಟೋ ಜನ ದಿನವೂ ಕೂರುವುದು ನನ್ನ ಕೆಲಸದ ಮೇಲೆಯೇ. ಅದನ್ನು ಗೌರವವೆಂದೇ ತಿಳಿದಿದ್ದೇನೆ. ಹೆಣ್ಣು ನೋಡಲು ಹೋದಲ್ಲಿ ಹುಡುಗಿ, “ಇಷ್ಟು ಮಂದಿ ದನಿ ತೆಗೀತೀರಂತ. ನಿಮ್ಮದು ಯಾವುದ್ರಿ?” ಎಂದು ಕೇಳಿದಳು. ಆ ಸಂಬಂಧ ಕೂಡಲಿಲ್ಲ.

ನಗಿಸಬೇಕೆಂದೇ ಕೂತೆ. ಆದರೆ ಸಾರ್ ತೀರಿಕೊಂಡ ಮೇಲೆ ನಡೆದ ಸಂತಾಪ ಸಭೆಯಲ್ಲಿ ಒಬ್ಬರು ಹಿರಿಯರು ಮೈಕಿನ ಮುಂದೆ ನಿಂತು, “ದೇವರಂಥ ಮನುಷ್ಯರು. ಜೀವಮಾನದಾಗ ಒಂದು ತಪ್ಪು ಮಾಡಿದ್ರು. ಆ ಪಂಚಾಯ್ತಿ ಒಂದು ಮಾಡಬಾರದಿತ್ತು” ಎಂದರು. ಸಭೆಯೆಲ್ಲ ತಲೆಯಾಡಿಸಿತು. ಮೂರನೇ ಸಾಲಿನಲ್ಲಿ ಕೂತಿದ್ದ ನನ್ನ ತಲೆಯೂ ಆಡಿತು, ಪಕ್ಕದವರ ತಲೆ ನೋಡಿಕೊಂಡು. ನಕಲು ಮಾಡುವುದೇ ಕಸುಬಾದವನಿಗೆ ಇದೊಂದು ರೋಗ. ಮನೆಗೆ ಬಂದ ಮೇಲೆ ಕತ್ತು ನೋಯುವುದಕ್ಕೆ ಶುರುವಾಯಿತು. ತಪ್ಪು ನನ್ನದು. ಊರವರು ಅದನ್ನು ಸಾರ್ ಮೇಲೆ ಹಾಕಿದಾಗ ನಾನು ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅದನ್ನು ಹೇಳುವುದಕ್ಕಾಗಿಯೇ ಈ ಪುಟಗಳು. ನಡುವೆ ನಗು ಬಂದರೆ ನಕ್ಕುಬಿಡಿ, ಕೊನೆಗೆ ಉಳಿಯುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಇದು ನನ್ನ ಜಾಣತನವಲ್ಲ, ಅವರದೇ ಪದ್ಧತಿ. ಶಾಲೆಗೆ ಬಂದ ಮೊದಲ ದಿನವೇ ಬೋರ್ಡಿನ ಮೇಲೆ ತಮ್ಮ ಹೆಸರು ಬರೆಯದೆ ‘ಸೋಶಿಯಲ್’ ಎಂದು ಬರೆದು, “ಇಷ್ಟು ಸಾಕು ಕಣ್ರಪ್ಪ. ಹೆಸ್ರು ಹೇಳಿದ್ರೆ ನಿಮ್ಮಪ್ಪಂದ್ರು ಜಾತಿ ಹುಡುಕ್ತಾರೆ, ಜಾತಿ ಸಿಕ್ರೆ ಪಾರ್ಟಿ ಹುಡುಕ್ತಾರೆ. ಆಮೇಲೆ ನಾನು ಹೇಳೋ ಪಾಠ ಯಾವನಿಗೂ ಕೇಳಿಸಲ್ಲ” ಎಂದರಂತೆ. ಅವರು ಮಡಕಶಿರಾ ಕಡೆಯವರು, ರೊಳ್ಳದ ಹತ್ತಿರದ ಒಂದು ಹಳ್ಳಿ. ನಮ್ಮದು ಡಿ. ಹಿರೇಹಾಳ್ ಕಡೆಯ ಕುರಿ ಸಾಕುವವರ ಊರು. ಆಂಧ್ರದ ಗಡಿಯಲ್ಲಿ, ಆಗ ಒಂದೇ ಜಿಲ್ಲೆಯಲ್ಲಿದ್ದ ಎರಡು ಮೂಲೆ. ಕನ್ನಡ ಮೀಡಿಯಂ ಹೈಸ್ಕೂಲಿಗೆ ಮೇಷ್ಟ್ರು ಬೇಕೆಂದು ಸರ್ಕಾರ ಆ ಮೂಲೆಯಿಂದ ಈ ಮೂಲೆಗೆ ಹಾಕಿತು. ನಾವು “ಯಾಕ್ರಿ ಸಾರ್” ಎಂದರೆ ಅವರು “ಯಾಕೆ ಅಂದ್ರೆ ಕಣಪ್ಪ” ಎನ್ನುತ್ತಿದ್ದರು. ಅವರ ‘ಕಣಪ್ಪ’ವನ್ನು ನಾನು ಹೈಸ್ಕೂಲಿಗೆ ಸೇರಿದ ಎರಡೇ ದಿನದಲ್ಲಿ ಕದ್ದೆ. ಮೂರನೇ ದಿನ ಬಾಗಿಲ ಹೊರಗಿನಿಂದ ಅದೇ ದನಿಯಲ್ಲಿ, “ಎಲ್ಲಾ ಎದ್ದು ನಿಂತ್ಕಳ್ರಪ್ಪ” ಎಂದೆ. ಇಡೀ ಕ್ಲಾಸು ಎದ್ದು ನಿಂತಿತು. ಸಾರ್ ನನ್ನ ಹಿಂದೆಯೇ ನಿಂತಿದ್ದರು.

ಹೊಡೆಯಲಿಲ್ಲ. ಕಿವಿ ಹಿಡಿದು ಒಳಗೆ ಕರೆದುಕೊಂಡು ಹೋಗಿ ತಮ್ಮ ಕುರ್ಚಿಯ ಮೇಲೆ ಕೂರಿಸಿದರು.

“ಈಗ ಎದ್ದೇಳಿ ಅನ್ನು.”

ಅಂದೆ. ಯಾರೂ ಏಳಲಿಲ್ಲ. ಕಿಸಕ್ಕೆಂದು ನಕ್ಕರು.

“ನೋಡ್ರೋ, ಅದೇ ಕುರ್ಚಿ, ಅದೇ ದನಿ. ಆಗ ಎದ್ರಿ, ಈಗ ಏಳ್ಲಿಲ್ಲ. ಅಂಗಾದ್ರೆ ಅಧಿಕಾರ ಎಲ್ಲೈತೆ?”

ಒಬ್ಬ ಕುರ್ಚಿಯಲ್ಲಿ ಎಂದ, ಇನ್ನೊಬ್ಬ ಬೆತ್ತದಲ್ಲಿ ಎಂದ. ಸಾರ್ ಮುಂದಿನ ಬೆಂಚಿನ ಹುಡುಗನ ಮಂಡಿಯನ್ನು ಬೆರಳಿನಿಂದ ತಟ್ಟಿ, “ಇಲ್ಲೈತೆ. ಏಳೋನ ಮಂಡಿಯಾಗೆ. ಇವ್ನು ಏಳಲ್ಲ ಅಂತ ಕೂತ್ರೆ ಕಲೆಕ್ಟ್ರೂ ಒಂದೇ, ಈ ಕೋತೀನೂ ಒಂದೇ” ಎಂದರು. ಕೋತಿ ನಾನು. ಪರೀಕ್ಷೆಯಲ್ಲಿ ‘ಅಧಿಕಾರ ಎಂದರೇನು’ ಎಂಬ ಪ್ರಶ್ನೆಗೆ ನಾನು ಮಂಡಿಯ ಚಿತ್ರ ಬರೆದೆ. ಐದಕ್ಕೆ ಎರಡು ಕೊಟ್ಟರು.

ಸಣ್ಣ ಆಳು, ಉದ್ದ ಕೈಗಳು. ಯಾವ ಮನೆಗೆ ಹೋದರೂ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದರು, ಬಾಗಿಲಿಗೆ ಬೆನ್ನು ಕೊಟ್ಟಿದ್ದನ್ನು ನಾನು ನೋಡಿಲ್ಲ. ಊಟಕ್ಕೆ ಕರೆದರೆ ಮೊದಲ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ, ಕೊನೆಯ ಪಂಕ್ತಿಗೂ ನಿಲ್ಲುತ್ತಿರಲಿಲ್ಲ. “ಮೊದ್ಲಿಗೆ ಕೂತೋನ್ನೂ ನೋಡ್ತಾರೆ, ಕೊನೇಗ್ ಕೂತೋನ್ನೂ ನೋಡ್ತಾರೆ. ಮಧ್ಯದಾಗೆ ಉಂಡು ಎದ್ದೋಗ್ಬೇಕು” ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದ ಗಣಿತದ ಮೇಡಮ್ಮಿಗೆ, “ಇನ್ನೊಬ್ರ ಮನೆ ಜಗಳ ಬಿಡಿಸೋದ್ರಾಗೆ ಟೈಮೇ ಸಿಗಲಿಲ್ಲಮ್ಮ” ಎಂದರು.

ಅವರ ಜಗಳ ಬಿಡಿಸುವ ರೀತಿಯೇ ಬೇರೆ. ಇಬ್ಬರು ಹುಡುಗರು ಹೊಡೆದಾಡಿ ಬಂದರೆ, ಅವನದೇ ತಪ್ಪು, ಇವನದೇ ತಪ್ಪು ಎಂದು ಕೇಳುವವರಲ್ಲ. “ನಿನ್ನ ದೂರು ನಂಗ್ ಬ್ಯಾಡ. ಅವನ ದೂರು ಏನು, ನೀನು ಹೇಳು” ಎನ್ನುತ್ತಿದ್ದರು. ಅವನು ಹೇಳಬೇಕು. ಎದುರಾಳಿ ಕೇಳಿಸಿಕೊಂಡು “ಹೌದು, ನನ್ನ ದೂರು ಅದೇ” ಎನ್ನುವ ತನಕ ಹೇಳುತ್ತಲೇ ಇರಬೇಕು. ಆಮೇಲೆ ಇವನ ಸರದಿ. ಸಾಮಾನ್ಯವಾಗಿ ಎರಡನೆಯವನ ಸರದಿ ಮುಗಿಯುವಷ್ಟರಲ್ಲಿ ಇಬ್ಬರಿಗೂ ಬೇಜಾರಾಗಿ ಜಗಳ ಸತ್ತುಹೋಗುತ್ತಿತ್ತು.

ಒಂಬತ್ತನೇ ಕ್ಲಾಸಿನಲ್ಲಿ ನಾನೂ ಮಂಜನೂ ಬಡಿದಾಡಿಕೊಂಡೆವು. ಮಂಜ ನಮ್ಮೂರ ಯಜಮಾನರ ಸಣ್ಣ ಮಗ. ಅವನ ದೂರು ಹೇಳು ಎಂದರೆ ನಾನು ಅವನ ಮೂಗಿನ ದನಿಯಲ್ಲೇ ಶುರು ಮಾಡಿದೆ. ಕ್ಲಾಸು ಉರುಳಾಡಿ ನಕ್ಕಿತು. ಸಾರ್ ಕೂಡ ನಕ್ಕರು, ಕಣ್ಣು ಒರೆಸಿಕೊಂಡು, “ದನಿ ಬಂತು, ಅವನು ಬರಲಿಲ್ಲ. ನಿನ್ನ ದನೀಲೇ ಹೇಳು” ಎಂದರು. ನನ್ನ ದನಿಯಲ್ಲಿ ಹೇಳಹೋದರೆ ಮಾತೇ ಹೊರಡಲಿಲ್ಲ. ಮಂಜನ ದೂರು ಏನೆಂದು ನನಗೆ ಗೊತ್ತೇ ಇರಲಿಲ್ಲ. ಕೊನೆಗೆ ಮಂಜನೇ ಪಾಪವೆಂದು, “ಹೋಗ್ಲಿ ಬಿಡ್ರಿ ಸಾರ್, ಅವಂಗ ಬರೂದುಲ್ಲ” ಎಂದ. ಅಂದಿನಿಂದ ಅವನೂ ನಾನೂ ಒಂದೇ ಬೆಂಚು.

ಇನ್ನು ಊರಿನ ವಿಷಯ. ನಮ್ಮ ಕಡೆ ಮದುವೆಯಲ್ಲಿ ವೀಳ್ಯ ಕೂಗುತ್ತಾರೆ. ಒಬ್ಬ ತಟ್ಟೆ ಹಿಡಿದು ನಿಂತು ಎರಡು ಎಲೆ, ಒಂದು ಅಡಿಕೆ ಎತ್ತಿ ಇಂಥವರ ವೀಳ್ಯ ಎಂದು ಗಟ್ಟಿಯಾಗಿ ಕೂಗಬೇಕು. ಹೆಸರಿನವನು ಬಂದು ತೆಗೆದುಕೊಳ್ಳಬೇಕು. ಮೊದಲು ದೇವರದು, ಆಮೇಲೆ ಗುರುವಿನದು. ಇವೆರಡಕ್ಕೂ ತಕರಾರಿಲ್ಲ, ಇಬ್ಬರೂ ಅಲ್ಲಿ ಇರುವುದಿಲ್ಲವಲ್ಲ. ಮನುಷ್ಯರಲ್ಲಿ ಮೊದಲ ವೀಳ್ಯ ಊರ ಯಜಮಾನರದು. ಅದನ್ನು ಯಾರು ತೆಗೆದುಕೊಳ್ಳುತ್ತಾರೋ ಅವರು ಕುರಿ ಕಳವಿನ ನ್ಯಾಯ ಹೇಳಬಹುದು, ಹುಡುಗಿ ಗಂಡನ ಮನೆ ಬಿಟ್ಟುಬಂದರೆ ಮಾತಾಡಬಹುದು, ಓಟಿನ ಹೊತ್ತಿಗೆ ಪಕ್ಷದವರು ಬಂದು ಅವರ ಮಂಚದ ಮೇಲೆಯೇ ಕೂರುತ್ತಾರೆ. ಎರಡು ಎಲೆ, ಒಂದು ಅಡಿಕೆ ಅಂದರೆ ಇಷ್ಟೆಲ್ಲ.

ನಾಲ್ಕು ವರ್ಷದ ಹಿಂದೆ ಯಜಮಾನರು ಸತ್ತರು. ಅವರ ಹಿರಿಯ ಮಗನನ್ನು ಇಲ್ಲಿ ತಿಪ್ಪೇಸ್ವಾಮಿ ಎನ್ನುತ್ತೇನೆ. ಯಜಮಾನರ ತಮ್ಮನನ್ನು ಎರ್ರಪ್ಪ ಎನ್ನುತ್ತೇನೆ. ಹೆಸರುಗಳು ನಾನಿಟ್ಟವು. ಊರವರಿಗೆ ಹೇಗೂ ಗೊತ್ತು, ಹೊರಗಿನವರಿಗೆ ಬೇಕಿಲ್ಲ. ಅಪ್ಪನ ವೀಳ್ಯ ಮಗನಿಗೆ ಎಂದು ತಿಪ್ಪೇಸ್ವಾಮಿ. ಅಣ್ಣನ ವೀಳ್ಯ ಬದುಕಿರುವ ತಮ್ಮನಿಗೆ ಎಂದು ಎರ್ರಪ್ಪ. ಒಂದು ಪಕ್ಷದವರು ಬಂದು ತಿಪ್ಪೇಸ್ವಾಮಿಯ ಹೆಗಲಿಗೆ ತಮ್ಮ ಟವಲು ಹಾಕಿದರು. ಮರುದಿನವೇ ಇನ್ನೊಂದು ಪಕ್ಷದವರು ಎರ್ರಪ್ಪನ ಹೆಗಲು ಹುಡುಕಿಕೊಂಡು ಬಂದರು. ಅಲ್ಲಿಯವರೆಗೆ ಒಂದೇ ಬಾವಿಯಲ್ಲಿ ಕುರಿಗೆ ನೀರು ಕುಡಿಸುತ್ತಿದ್ದವರು ಹೊತ್ತು ಬೇರೆ ಮಾಡಿಕೊಂಡರು. ಹೆಂಗಸರು ಮಾತು ಬಿಟ್ಟರು. ಹುಡುಗರು ಸಂಜೆಗೆ ಎರಡು ಕಟ್ಟೆಯ ಮೇಲೆ ಕೂರತೊಡಗಿದರು. ಮಂಜನ ಕಟ್ಟೆ ಅವನ ಅಣ್ಣ ತಿಪ್ಪೇಸ್ವಾಮಿಯದು. ನನ್ನ ಅಪ್ಪ ಎರ್ರಪ್ಪನ ಗೆಳೆಯ. ನಾನು ಎರಡೂ ಕಟ್ಟೆಗೆ ಹೋಗಿ ಆ ಕಟ್ಟೆಯವರ ದನಿ ಈ ಕಟ್ಟೆಯಲ್ಲಿ, ಈ ಕಟ್ಟೆಯವರ ದನಿ ಆ ಕಟ್ಟೆಯಲ್ಲಿ ತೆಗೆದು ನಗಿಸುತ್ತಿದ್ದೆ. ಶಾಂತಿ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ.

ಅಷ್ಟರಲ್ಲಿ ಊರಲ್ಲೊಂದು ಮದುವೆ ಗೊತ್ತಾಯಿತು. ಎರಡು ಪಾರ್ಟಿಗೂ ಸೇರದ ಮನೆ ಅದು. ಹೆಣ್ಣಿನ ಅಪ್ಪ ರಾಯದುರ್ಗಕ್ಕೆ ಹೋಗಿ ಸಾರ್ ಕಾಲು ಹಿಡಿದ. ಆಗ ಅವರು ರಿಟೈರಾಗಿ ಅಲ್ಲೇ ಒಂದು ಕೋಣೆಯಲ್ಲಿದ್ದರು. “ಮೊದಲ ವೀಳ್ಯ ಯಾರ್ದಂತ ಕೂಗಸ್ಲಿ ಸಾರ್? ಯಾರ್ದು ಕೂಗಿದ್ರೂ ನನ್ನ ಚಪ್ಪರ ನೆಲಕ್ಕ ಬೀಳ್ತೈತಿ.” ಎರಡು ಕಡೆಯ ಮಕ್ಕಳಿಗೂ ಪಾಠ ಹೇಳಿದವರು, ಯಾವ ಪಾರ್ಟಿಗೂ ಸೇರದವರು, ಸಾರ್ ಒಬ್ಬರೇ. ಭಾನುವಾರ ಬೆಳಗ್ಗೆ ಶಾಲೆಯ ಅಂಗಳದಲ್ಲಿ ಕೂಡಿಸಿದರು.

ಊರಿಗೆ ಊರೇ ಬಂದಿತ್ತು. ಬೇವಿನ ಮರದ ಕೆಳಗೆ ಗಂಡಸರು, ವರಾಂಡದಲ್ಲಿ ಹೆಂಗಸರು. ಸಾರ್ ನೆಲದ ಮೇಲೆ, ಗೇಟಿಗೆ ಮುಖ ಮಾಡಿ ಕೂತರು. ಎರ್ರಪ್ಪನ ಕಡೆ ತಿರುಗಿ, “ಗೌಡ್ರೇ, ನಿಮ್ಮ ಮಾತು ಆಮೇಲೆ. ನಿಮ್ಮಣ್ಣನ ಮಗ ಏನಂತಾವ್ನೆ, ಅದನ್ನ ನೀವು ಹೇಳಿ” ಎಂದರು.

“ಅದೇನ್ರಿ ಸಾರ್, ಹುಡುಗರ ಆಟ?”

“ಹುಡುಗ್ರ ಆಟಾನೇ. ಆಡಿ ನೋಡಿ.”

ಎರ್ರಪ್ಪ ನೆಲ ನೋಡಿಕೊಂಡು, “ಅವನೇನಂತಾನಂದ್ರ… ಅವರಪ್ಪ ಸಾಯಾಕಿಂತ ಮೊದ್ಲು ಅವನ ಕೈಯಾಗ ಕೋಲು ಕೊಟ್ನಂತ. ನೀ ನೋಡ್ಕೋ ಅಂದ್ನಂತ. ಅಪ್ಪ ಕೊಟ್ಟಿದ್ದನ್ನ ಚಿಗಪ್ಪಗ ಬಿಟ್ಟುಕೊಟ್ರ ಮಂದಿ ಅವನ್ನ ಗಂಡಸಂತಾರೇನು? ಅದು ಅವನ ಮಾತು” ಎಂದ. ಸಾರ್ ತಿಪ್ಪೇಸ್ವಾಮಿಯನ್ನು ನೋಡಿದರು. ಅವನು ಗಂಟಲು ಸರಿಮಾಡಿಕೊಂಡು, “ಹೌದ್ರಿ. ಅದಾ ನನ್ನ ಮಾತು” ಎಂದ. ಅವನ ದನಿ ಸಡಿಲಾಗಿತ್ತು. ಮಂಜ ದೂರದಿಂದ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಆ ಕ್ಷಣದಲ್ಲಿ ಈ ಮದುವೆ ಸುಸೂತ್ರವಾಗಿ ಆಗುತ್ತದೆ ಎಂದು ನನಗನ್ನಿಸಿತ್ತು. ಆಗುತ್ತಿತ್ತು ಕೂಡ.

ತಿಪ್ಪೇಸ್ವಾಮಿಯ ಸರದಿ ಬಂತು. “ನಿಮ್ಮ ಚಿಕ್ಕಪ್ಪನ ಮಾತು ಈಗ ನೀನು ಹೇಳಪ್ಪ.”

ಅವನು ಬಾಯಿ ತೆರೆದ. ಮುಚ್ಚಿದ. “ಅವರು… ಅವರು ಹಿರೇರಂತ…” ಎಂದ. ಎರ್ರಪ್ಪ ತಲೆಯಾಡಿಸಿದ, ಅಲ್ಲ ಎಂದು. ತಿಪ್ಪೇಸ್ವಾಮಿ ಮತ್ತೆ ತಡವರಿಸಿದ. ಸಾರ್ ಸುಮ್ಮನೆ ಕಾದರು. ಕಾಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಪ್ರಶ್ನೆ ಕೇಳಿ, ಕಿಟಕಿಯ ಹೊರಗೆ ನೋಡಿಕೊಂಡು, ಅರ್ಧ ಪೀರಿಯಡ್ಡು ಬೇಕಾದರೂ ಕಾಯುತ್ತಿದ್ದರು. ಅಂಗಳವೂ ಕಾದಿತು. ಕಾಯಲಾರದವನು ನಾನೊಬ್ಬ.

ಎರ್ರಪ್ಪನ ಮಾತು ನನಗೆ ಗೊತ್ತಿತ್ತು. ಹದಿನೈದು ದಿನದ ಹಿಂದೆ ನಮ್ಮನೆಯ ಪಡಸಾಲೆಯಲ್ಲಿ ಅಪ್ಪನ ಮುಂದೆ ಅವನು ಹೇಳಿಕೊಂಡಿದ್ದ. ನಾನು ಒಳಗೆ ಉಣ್ಣುತ್ತಿದ್ದೆ. ಇನ್ನೊಂದೂ ಗೊತ್ತಿತ್ತು. ಎರ್ರಪ್ಪ ಗಟ್ಟಿ ಆಳು, ದಪ್ಪ ಮೀಸೆ. ಆದರೆ ಸಂಕಟವಾದರೆ ಅವನ ಗಂಟಲು ಒಡೆದು ಸಣ್ಣ ಹೆಣ್ಣುದನಿ ಹೊರಡುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ವಿಷಯ, ಯಾರೂ ಅವನೆದುರು ಆಡದ ವಿಷಯ.

ನಾನು ಹಿಂದಿನಿಂದ ಎದ್ದು ನಿಂತೆ. ಟವಲನ್ನು ಅವನ ಹಾಗೇ ಎಡ ಹೆಗಲಿಂದ ಬಲ ಹೆಗಲಿಗೆ ಬದಲಾಯಿಸಿದೆ. ಅವನ ಕೆಮ್ಮು ಕೆಮ್ಮಿದೆ. ಅವನ ದನಿ ತೆಗೆದೆ: “ಮೂವತ್ತು ವರ್ಷ ನಮ್ಮಣ್ಣನ ಹಿಂದ ನಿಂತೀನಿ. ಮೂವತ್ತು ವರ್ಷ ಅವನ ಬೆನ್ನು ನೋಡೀನಿ. ನಾಳಿಂದ ಈ ಹುಡುಗನ ಬೆನ್ನು ನೋಡ್ಲೇನು? ನಾ ಸಾಯೋತನಕ ಬೆನ್ನಾ ನೋಡ್ಬೇಕೇನು?” ಕೊನೆಯ ಮಾತಿಗೆ ಗಂಟಲು ಒಡೆಯಬೇಕಿತ್ತು. ಒಡೆದೆ. ಅಷ್ಟು ಚೆನ್ನಾಗಿ ಹಿಂದೆಂದೂ ಒಡೆದಿರಲಿಲ್ಲ.

ಮಾತು ನೂರಕ್ಕೆ ನೂರು ಅವನದೇ. ಅದನ್ನು ತಿಪ್ಪೇಸ್ವಾಮಿ ಹೇಳಿದ್ದರೆ ಅಂದೇ ಎಲ್ಲ ಮುಗಿಯುತ್ತಿತ್ತೋ ಏನೋ. ಆದರೆ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ನಗು ಮೊದಲು ವರಾಂಡದಲ್ಲಿ ಎದ್ದಿತು, ಆಮೇಲೆ ಮರದ ಕೆಳಗೆ. ತಿಪ್ಪೇಸ್ವಾಮಿಯ ಕಡೆಯವರು ನಕ್ಕರು. ಎರ್ರಪ್ಪನ ಕಡೆಯವರೂ ಬಾಯಿಗೆ ಟವಲು ಅಡ್ಡ ಹಿಡಿದು ನಕ್ಕರು. ಮಂಜ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. ನಾನು ನಗುವವರ ಮುಖಗಳನ್ನೇ ನೋಡುತ್ತಿದ್ದೆ, ಅದು ನಮ್ಮ ಕಸುಬಿನ ಅಭ್ಯಾಸ. ಸಾರ್ ಮುಖ ನೋಡಲಿಲ್ಲ. ಎರ್ರಪ್ಪ ಏಳುವುದನ್ನು ಮಾತ್ರ ಕಂಡೆ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ಹಾಕಿಕೊಂಡಿದ್ದು ನಾನು ತೋರಿಸಿದ ಹಾಗೇ ಆಯಿತು. ಅದಕ್ಕೂ ಯಾರೋ ನಕ್ಕರು. ಅವನು ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಗೇಟು ದಾಟಿ ಹೋದ.

ಒಂಬತ್ತನೇ ದಿನ ಮದುವೆ. ನಡುವಿನ ಎಂಟು ದಿನವೂ ಸಾರ್ ಎರ್ರಪ್ಪನ ಮನೆ ಬಾಗಿಲಿಗೆ ಹೋದರು. ಬಾಗಿಲು ತೆರೆಯಲಿಲ್ಲ. ಮದುವೆಯ ದಿನ ವೀಳ್ಯ ಕೂಗುವವನು, ಎರ್ರಪ್ಪ ಬಂದಿಲ್ಲವೆಂದು ಧೈರ್ಯವಾಗಿ ತಿಪ್ಪೇಸ್ವಾಮಿಯ ಹೆಸರು ಕೂಗಿದ. ಎರ್ರಪ್ಪ ಬಂದಿದ್ದ; ಮಗನ ಜೊತೆ ಚಪ್ಪರದ ಹಿಂದೆ ನಿಂತಿದ್ದ. ಕೊಡಲಿ ಮಗನ ಕೈಯಲ್ಲಿತ್ತು. ಏಟು ತಿಪ್ಪೇಸ್ವಾಮಿಗೆಂದು ಬಂತು, ಅಡ್ಡ ಬಂದವನು ಮಂಜ. ಬಳ್ಳಾರಿ ಆಸ್ಪತ್ರೆಗೆ ಒಯ್ಯುವಾಗ ಆಟೋದಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಬೊಮ್ಮನಹಾಳ್ ಕಡೆಯ ಗದ್ದೆಗಳಲ್ಲಿ ಹೆಂಗಸರು ನಾಟಿ ಮಾಡುತ್ತ ಹಾಡುತ್ತಿದ್ದರು. ನನಗೆ ಯಾರ ದನಿಯೂ ಬರಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಅವನು ಹೋಗಿಬಿಟ್ಟಿದ್ದ.

ಪೊಲೀಸ್ ಸ್ಟೇಷನ್ನಿನಲ್ಲಿ ನಮ್ಮನ್ನೆಲ್ಲ ಬೆಂಚಿನ ಮೇಲೆ ಕೂರಿಸಿದ್ದರು. ಎಸ್‌ಐ ಸಾಹೇಬರು ಸಾರ್‌ಗೆ ಕುರ್ಚಿ ಕೊಟ್ಟು, ಶುರು ಮಾಡಿದ್ದು ಯಾರೆಂದು ತೆಲುಗಿನಲ್ಲಿ ಕೇಳಿದರು. “ಎವರು ಸಾರ್ ಮೊದಲುಪೆಟ್ಟಿಂದಿ?”

“ಪಂಚಾಯ್ತಿ ಪೆಟ್ಟಿಂದಿ ನೇನೇ” ಎಂದರು ಸಾರ್. ಪಂಚಾಯ್ತಿ ಕೂಡಿಸಿದವನು ನಾನೇ ಎಂದು. ನಾನು ಕೂತಿದ್ದ ಬೆಂಚಿನ ಕಡೆ ತಿರುಗಲೂ ಇಲ್ಲ.

ಊರು ಅದನ್ನೇ ಹಿಡಿದುಕೊಂಡಿತು. “ಆ ಹುಡುಗ ಹುಚ್ಚ. ಆಡಿಸಿದ್ರ ಆಡ್ತಾನ. ಆಡಿಸಿದ್ದು ಸಾರ್. ಮೊದಲಾ ಹೇಳಿ ಕುಂದರಿಸಿದ್ರು, ತಿಪ್ಪೇಸ್ವಾಮಿ ಪಾರ್ಟಿ ಕಡಿಂದ.” ಶಾಲೆಯ ವಾರ್ಷಿಕೋತ್ಸವದಲ್ಲಿ ನನಗೆ ಮೊದಲು ಮೈಕು ಕೊಟ್ಟವರು ಸಾರ್, ಆದ್ದರಿಂದ ನಂಬುವುದೂ ಸುಲಭವಾಯಿತು. ತಿಪ್ಪೇಸ್ವಾಮಿ ಕಡೆಯವರೂ ಬೈದರು: “ಮೇಷ್ಟ್ರು ಪಂಚಾಯ್ತಿ ಮಾಡದಿದ್ರ ನಮ್ಮ ಹುಡುಗ ಇರ್ತಿದ್ದ.” ಬೇರಾವ ವಿಷಯಕ್ಕೂ ಒಂದಾಗದ ಎರಡು ಪಾರ್ಟಿಗಳು ಸಾರ್ ತಪ್ಪಿನ ವಿಷಯದಲ್ಲಿ ಒಂದಾದವು. ಮಂಜನ ಮೂರನೇ ದಿನಕ್ಕೆ ಬಂದ ಸಾರ್ ಅವರನ್ನು ಊರ ಬಾಗಿಲಿನಿಂದಲೇ ವಾಪಸು ಕಳಿಸಿದರು. ಅವರ ಸೈಕಲ್ಲಿನ ಸೀಟನ್ನು ಯಾರೋ ಬ್ಲೇಡಿನಿಂದ ಸೀಳಿದ್ದರು. ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ ಹಳೇ ವಿದ್ಯಾರ್ಥಿಗಳು ಫೋನು ನೋಡತೊಡಗಿದರು. ಒಮ್ಮೆ ನಾನೂ ಫೋನು ನೋಡಿದೆ. ಫೋನಿನಲ್ಲಿ ಚಾರ್ಜೇ ಇರಲಿಲ್ಲ.

“ಸಾರ್ ನನಗೆ ಹೇಳಿರಲಿಲ್ಲ, ನಾನಾಗಿಯೇ ಎದ್ದೆ” ಎನ್ನಲು ಒಂದೇ ಉಸಿರು ಸಾಕಿತ್ತು. ಆ ಒಂದು ಉಸಿರನ್ನು ನಾಲ್ಕು ವರ್ಷ ಒಳಗಿಟ್ಟುಕೊಂಡೆ. ಹೆದರಿಕೆ. ಬೇರೆ ದೊಡ್ಡ ಕಾರಣ ಇಲ್ಲ.

ಸಾರ್ ಕೋಣೆ ಖಾಲಿ ಮಾಡಿ ಮಡಕಶಿರಾಕ್ಕೆ, ತಂಗಿಯ ಮನೆಗೆ ಹೋದರು. ಹುಷಾರಿಲ್ಲ ಎಂದು ಕೇಳಿ ಈ ವರ್ಷದ ಮೊದಲಿಗೆ ಹೋಗಿದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಅಭ್ಯಾಸ ಮಾಡಿದೆ. ಪಕ್ಕದಲ್ಲಿ ಕೂತವನು ಎದ್ದು ಬೇರೆ ಸೀಟಿಗೆ ಹೋದ. ಸಾರ್ ತಂಗಿ ಬಾಗಿಲು ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಯಾರ್ಲಾ ನೀನು?”

“ಸಾರ್ ಸ್ಟೂಡೆಂಟ್ರಿ, ರಾಯದುರ್ಗದಿಂದ.”

“ಅಣ್ಣಯ್ಯ, ಆ ಕಡೆಯೋರು ಬಂದವ್ರೆ ನೋಡು. ಹೊಡ್ಯಾಕೋ ಮಾತಾಡ್ಸಾಕೋ ಗೊತ್ತಿಲ್ಲ.”

ಸಾರ್ ಮಂಚದ ಮೇಲಿದ್ದರು, ಮಂಚ ಬಾಗಿಲಿಗೆ ಎದುರಾಗಿತ್ತು. ಬಹಳ ಇಳಿದಿದ್ದರು, ಕೈಗಳು ಮಾತ್ರ ಮೊದಲಿನಷ್ಟೇ ಉದ್ದ. ಅಭ್ಯಾಸ ಮಾಡಿದ್ದೆಲ್ಲ ಮರೆತು, “ಸಾರ್, ಸ್ಟೇಷನ್ನಾಗ ನನ್ನ ಹೆಸರು ಯಾಕ ಹೇಳಲಿಲ್ರಿ?” ಎಂದೆ.

“ನನ್ನ ಹಿಂದೆ ಜನ ಇಲ್ಲ ಕಣಪ್ಪ. ಹೊರಗಿನೋನು. ತಪ್ಪು ನನ್ನ ಮೇಲೆ ಬಿದ್ರೆ ಅಲ್ಲಿಗೆ ನಿಲ್ತೈತೆ. ನಿನ್ನ ಮೇಲೆ ಬಿದ್ರೆ ನಿಮ್ಮಪ್ಪ ಬತ್ತಾನೆ, ನಿಮ್ಮ ಮಾವಂದ್ರು ಬತ್ತಾರೆ. ಮೂರನೇ ಪಾರ್ಟಿ ಆಯ್ತದೆ.”

“ಈಗ ಎಲ್ಲಾರ ಮುಂದ ಹೇಳ್ತೀನ್ರಿ.”

“ಈಗ ಬ್ಯಾಡ. ನಾನು ಹೋದ್ಮೇಲೆ ಹೇಳು.”

ನನಗೆ ನಿರಾಳವಾಯಿತು. ಇದನ್ನೂ ಬರೆಯಬೇಕು. ಅವರು ಸಾಯುವ ತನಕ ರಜೆ ಸಿಕ್ಕಿತಲ್ಲ ಎಂದು ನನ್ನ ಎದೆ ಹಗುರಾಯಿತು. ಅವರಿಗೆ ಅದು ಕಂಡಿತೋ ಏನೋ, ಗೋಡೆಯ ಕಡೆ ತಿರುಗಿ, “ನಂದೂ ಐತೆ ತಪ್ಪು. ಹುಡುಗ್ರ ಆಟ ಕೋಣೆ ಒಳಗೆ ಆಡಿಸ್ಬೇಕಿತ್ತು. ಊರ ಮುಂದೆ, ಹೆಂಗಸ್ರ ಮುಂದೆ, ಗಂಡಸನ್ನ ಕೂರಿಸಿ ಬಾಯಿ ಬಿಡಿಸ್ದೆ. ಎರ್ರಪ್ಪ ಅಷ್ಟು ಹೇಳಿದ್ದೇ ಹೆಚ್ಚು” ಎಂದರು. ಆಮೇಲೆ ಕಣ್ಣು ಮುಚ್ಚಿಕೊಂಡರು.

ಬೀಳ್ಕೊಡಲು ಬಾಗಿಲ ತನಕ ಬಂದ ತಂಗಿ ದನಿ ತಗ್ಗಿಸಿ ಹೇಳಿದರು: “ಇವ್ನು ಮೊದ್ಲಿಂದ್ಲೂ ಅಂಗೇ ಕಣಪ್ಪ. ನಾವು ಚಿಕ್ಕೋರಿದ್ದಾಗ ನಮ್ಮಪ್ಪನ್ನ ಕೊಚ್ಚಿದ್ರು. ಕೊಚ್ಚಿದೋರ ಮನೆ ಮಕ್ಳಿಗೇ ಇವ್ನು ಲೆಕ್ಕ ಹೇಳ್ಕೊಡಾಕೆ ಓಗ್ತಿದ್ದ. ನಮ್ಮವ್ವ ಸಾಯೋಗಂಟ ಇವ್ನ ಕೈಲಿ ನೀರು ಇಸ್ಕಂಡು ಕುಡೀಲಿಲ್ಲ.”

ಎರಡು ತಿಂಗಳಿಗೆ ಸಾರ್ ಹೋದರು.

ನಮ್ಮೂರಲ್ಲಿ ಈಗ ವೀಳ್ಯ ಕೂಗುವುದಿಲ್ಲ. ಮದುವೆಗಳೆಲ್ಲ ರಾಯದುರ್ಗದ ಕಲ್ಯಾಣ ಮಂಟಪದಲ್ಲಿ. ಅಲ್ಲಿ ಬಾಗಿಲಲ್ಲೇ ಎಲೆ ಅಡಿಕೆ ಚೀಲ ಕೊಟ್ಟು ಕಳಿಸುತ್ತಾರೆ, ಮೊದಲು ಹೊರಟವರಿಗೆ ಮೊದಲು. ತಿಪ್ಪೇಸ್ವಾಮಿ ಯಜಮಾನ. ಅವನ ಹತ್ತಿರ ನ್ಯಾಯ ಕೇಳಲು ಯಾರೂ ಹೋಗುವುದಿಲ್ಲ. ಎರ್ರಪ್ಪನ ಮಗ ಇನ್ನೂ ಜೈಲಿನಲ್ಲಿದ್ದಾನೆ. ಎರ್ರಪ್ಪ ಜಾಮೀನಿನ ಮೇಲೆ ಹೊರಗಿದ್ದಾನೆ, ಮನೆ ಬಿಟ್ಟು ಹೊರಗೆ ಬರುವುದಿಲ್ಲ.

ಇಲ್ಲಿಯ ತನಕ ಬರೆದು, ಸಂಪಾದಕನಿಗೆ ಕೊಡುವ ಮೊದಲು ಎರ್ರಪ್ಪನ ಮನೆಗೆ ಹೋದೆ. ಅಪ್ಪ ಬೇಡವೆಂದರು. ಪಡಸಾಲೆಯಲ್ಲಿ ಅವನು ಗೋಡೆಗೆ ಒರಗಿ ಕೂತಿದ್ದ. ಅವನ ಹೆಂಡತಿ ಒಳಬಾಗಿಲ ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದಳು.

“ಮಾವ, ಒಂದು ಬರದೀನಿ. ಓದಿ ಹೇಳ್ತೀನಿ. ಬ್ಯಾಡ ಅಂದ್ರ ಹರದಾಕ್ತೀನಿ.”

“ಓದು. ನೀ ಮಾತಾಡಿದ್ರ ನಿಲ್ಲಸಾಕ ಯಾರಿಂದ ಆದೀತು.”

ಓದಿದೆ. ಯಾವ ದನಿಯೂ ತೆಗೆಯದೆ, ಶಾಲೆಯ ಹುಡುಗನ ಹಾಗೆ ತಡವರಿಸಿ ಓದಿದೆ. ಬೆನ್ನಿನ ಮಾತು ಬಂದಾಗ ಅವನು ಮೇಲೆ ಜಂತೆ ನೋಡಿದ.

“ಸಾರ್ ನಿನಗ ಹೇಳಿಕೊಟ್ಟಿಲ್ಲ ಅಂಬೋದು ನಂಗ ಅವತ್ತಾ ಗೊತ್ತು” ಎಂದ. “ಅಷ್ಟು ಮಂದಿಯಾಗ ನಗದ ಇದ್ದಾರು ಅವರೊಬ್ಬರಾ. ನಾ ಏಳೋ ಮುಂದ ಅವರ ಮಾರಿ ನೋಡ್ದೆ. ಹೆಣ ನೋಡ್ದಂಗ ನನ್ನ ನೋಡಾಕತ್ತಿದ್ರು.”

“ಮತ್ತ ಯಾರಿಗೂ ಯಾಕ ಹೇಳಲಿಲ್ಲ ಮಾವ? ಎಂಟು ದಿನ ಬಾಗಲಿಗೆ ಬಂದ್ರಲ್ಲ, ಅವರಿಗಾದ್ರೂ?”

“ಸಾರ್ ಆಡಿಸಿದ್ರು ಅಂದ್ರ ಸಿಟ್ಟು ಸಾರ್ ಮ್ಯಾಲ ಹೋಗ್ತಿತ್ತು. ಇಲ್ಲಂದ್ರ ನಕ್ಕಾರು ಯಾರ್ಯಾರಂತ ಒಬ್ಬೊಬ್ಬರನ್ನ ನೆನಸಬೇಕಿತ್ತು.” ಅವನು ಒಳಬಾಗಿಲ ಕಡೆ ನೋಡಲಿಲ್ಲ, ಗದ್ದವನ್ನು ಮಾತ್ರ ಆ ಕಡೆ ಎತ್ತಿದ. “ವರಾಂಡದಾಗ ಎಲ್ಲಾರಿಗಿಂತ ಮೊದ್ಲು ನಕ್ಕಾಕಿ ಅಕೀನಾ.”

ಒಳಗೆ ಶೇಂಗಾ ಸುಲಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.